ಲೆಕ್ಕಕ್ಕಿಲ್ಲದ ಫರ್ಲಾಂಗ ಕಲ್ಲು

ಶಿರೂರಿನ ಹಿಂದೆ ಗುಡ್ಡ ಹತ್ತಿ ಬಾದಾಮಿ ಕಡೆಗೆ ಇಳಿಯುವ ಒಂದು ಗರಸಿನ ಹಾದಿ ಇದೆ. ಅದನ್ನು ಕಟ್ಟಿದವರ ಪೈಕಿ ಕೊನೆಗೆ ಉಳಿದಿದ್ದವರು ಇಬ್ಬರೇ, ರಾಜಮಹ್ಮದ ಮತ್ತು ಅವನ ಹೆಂಡತಿ ಅಮೀನಬಿ. ಎಪ್ಪತ್ತೆರಡರ ಬರದಲ್ಲಿ ಜನರ ಕೈಗೆ ಕೆಲಸ ಸಿಗಲಿ ಎಂದು ಸರ್ಕಾರ ಹಾಕಿಸಿದ ರಸ್ತೆ ಅದು. ಗಂಡಸರು ಗುಡ್ಡದ ಬಗಲು ಕಡಿದರು. ಹೆಂಗಸರು ಬುಟ್ಟಿಯಲ್ಲಿ ಗರಸು, ಕೆಂಪು ಹರಳುಮಣ್ಣು, ಹೊತ್ತು ತಂದು ಸುರಿದರು. ಮೇಲೆ ನೀರು ಹೊಡೆದು, ಎತ್ತು ಹೂಡಿ ಕಲ್ಲಿನ ರೋಲರು ಎಳೆದರು. ಬರ ಹೋಯಿತು, ಮಳೆ ಬಂತು. ಆಮೇಲೆ ಗುಡ್ಡ ಸುತ್ತಿಕೊಂಡು ಡಾಂಬರಿನ ರಸ್ತೆಯೂ ಬಂತು, ಬಸ್ಸು ಲಾರಿ ಎಲ್ಲ ಆ ಕಡೆ ಹೊರಳಿದವು. ಗುಡ್ಡದ ಹಾದಿ ಕುರಿಯವರಿಗೆ ಉಳಿಯಿತು.

ರಾಜಮಹ್ಮದ ಮುಂದೆ ರಸ್ತೆ ಗ್ಯಾಂಗಿನಲ್ಲೇ ಕೆಲಸಕ್ಕೆ ನಿಂತ. ಕೂದಲು ಹಣ್ಣಾಗುವ ತನಕ ಬೇರೆ ಬೇರೆ ರಸ್ತೆಗಳ ಕುಣಿ ಮುಚ್ಚಿದ. ನಿವೃತ್ತನಾದ ಮೇಲೂ ಮಳೆಗಾಲ ಕಳೆಯಿತೆಂದರೆ ಸಲಿಕೆಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಗುಡ್ಡದ ಹಾದಿಗೆ ಹೋಗುತ್ತಿದ್ದ. ನೀರು ಕೊರೆದ ಜಾಗಕ್ಕೆ ನಾಲ್ಕು ಬುಟ್ಟಿ ಗರಸು ಹಾಕಿ ತುಳಿದು ಬರುತ್ತಿದ್ದ. ಚಹಾದ ಅಂಗಡಿಯಲ್ಲಿ ಕೂತವರು ನಗುತ್ತಿದ್ದರು. ಆ ರಸ್ತೆಯ ಮೇಲೆ ನಿಮ್ಮ ಬೀಗರ ಮೋಟಾರು ಬರುವುದಿದೆಯೇನು ಎಂದು ಕೇಳುತ್ತಿದ್ದರು. ಅವನೂ ನಕ್ಕು ಚಹಾ ಕುಡಿದು ಎದ್ದು ಹೋಗುತ್ತಿದ್ದ. ಅವನ ಕೂಸು ಆ ಹಾದಿಯ ಮಗ್ಗುಲಲ್ಲಿ ಮಲಗಿದೆ ಎಂಬುದು ನಗುವವರಿಗೆ ಗೊತ್ತಿರಲಿಲ್ಲ.

ರಸ್ತೆ ಕೆಲಸ ನಡೆದ ವರ್ಷ ಜನರೆಲ್ಲ ಗುಡ್ಡದ ಮೇಲೆಯೇ ತಟ್ಟಿನ ಜೋಪಡಿ ಹಾಕಿಕೊಂಡಿದ್ದರು. ಅಮೀನಬಿ ತುಂಬಿದ ಬಸುರಿ. ಬುಟ್ಟಿ ಹೊರುತ್ತಿದ್ದಾಗಲೇ ನೋವು ಬಂತು. ಹೆಣ್ಣು ಕೂಸು ಹುಟ್ಟಿತು. ಅತ್ತಿತು, ಮೊಲೆಗೂ ಬಾಯಿ ಹಾಕಿತು, ಮರುದಿನ ಹೊತ್ತು ಮುಳುಗುವ ಮೊದಲು ಉಸಿರು ಬಿಟ್ಟಿತು. ಹೆಸರು ಇಡುವುದೂ ಆಗಿರಲಿಲ್ಲ. ಊರಿನ ಖಬರಸ್ತಾನ ದೂರ, ಕಾಲ ಕೆಂಡದಂಥ ಬೇಸಿಗೆ. ಗ್ಯಾಂಗಿನ ಹಿರಿಯನೊಬ್ಬ ನಮಾಜು ಓದಿಸಿದ. ಹಾದಿಯ ಮಗ್ಗುಲಲ್ಲಿ ಮಣ್ಣು ಮಾಡಿದರು.

ಗುಣಿ ತೋಡಿದವನು ಗ್ಯಾಂಗಿನ ಮೇಲ್ವಿಚಾರಕ, ಮುಕಾದಮ ಗುರಲಿಂಗಪ್ಪ. ಹಣೆತುಂಬ ವಿಭೂತಿ, ಕೊರಳಲ್ಲಿ ಲಿಂಗ. ಕೆಲಸ ಕೆಟ್ಟರೆ ಬೈಗುಳಕ್ಕೆ ಬರ ಇರಲಿಲ್ಲ. ಆ ಹೊತ್ತು ಮಾತ್ರ ತಾನೇ ಗುದ್ದಲಿ ತೆಗೆದುಕೊಂಡ. ನಮ್ಮಲ್ಲೂ ಮಣ್ಣಿಗೇ ಕೊಡುವುದು, ತೋಡುವುದು ನನಗೆ ಗೊತ್ತು ಎಂದನಂತೆ. ಮಣ್ಣು ಮುಚ್ಚಿದ ಮೇಲೆ ಗುರುತಿಗೆ ಏನಿಡುವುದೆಂಬ ಪ್ರಶ್ನೆ ಬಂತು. ಆ ದಿನಗಳಲ್ಲಿ ಗುಡ್ಡದ ಮೇಲೆ ಬಿಡಿ ಕಲ್ಲೊಂದು ಕಂಡರೆ ರಸ್ತೆಯ ಜಲ್ಲಿಗೆಂದು ಖಡಿ ಒಡೆಯುವವರು ಸುತ್ತಿಗೆ ಹಾಕುತ್ತಿದ್ದರು, ಒಡೆದಷ್ಟು ಕೂಲಿ. ನಾಲ್ಕು ಕಲ್ಲು ಒಟ್ಟಿ ಗೋರಿ ಮಾಡಿದರೆ ವಾರದೊಳಗೆ ಅದು ಖಡಿಯಾಗಿ ರಸ್ತೆಗೆ ಬೀಳುತ್ತಿತ್ತು. ಗುರಲಿಂಗಪ್ಪ ಯೋಚಿಸಿ, ಬಂಡಿಯಿಂದ ಇಳಿಸುವಾಗ ಮೂಲೆ ಮುರಿದು ಬದಿಗೆ ಬಿದ್ದಿದ್ದ ಒಂದು ಫರ್ಲಾಂಗ ಕಲ್ಲನ್ನು ಹೊರಿಸಿಕೊಂಡು ಬಂದ. ಲೆಕ್ಕವೆಲ್ಲ ಮೀಟರಿಗೆ ಬಂದಿದ್ದರೂ ಜನರ ಬಾಯಲ್ಲಿ ಅದು ಫರ್ಲಾಂಗ ಕಲ್ಲೇ.

“ಇದನ್ನ ನಿಲ್ಲಸೂಣು ರಾಜಾ,” ಎಂದ. “ಸರಕಾರದ ಕಲ್ಲ ಯಾರೂ ಮುಟ್ಟಂಗಿಲ್ಲ.”

ಹಾಗೆ ಆ ಹಾದಿಯಲ್ಲಿ ಒಂದು ಕಲ್ಲು ಹೆಚ್ಚಾಯಿತು. ದೂರ ಅಳೆಯುವ ಲೆಕ್ಕಕ್ಕೆ ಬರದ ಕಲ್ಲು. ಬಾಣಂತಿ ಅಮೀನಬಿ ನಲವತ್ತು ದಿನ ಜೋಪಡಿಯಲ್ಲೇ ಮಲಗಿ, ಬಾಗಿಲಿನಿಂದ ಆ ಕಲ್ಲನ್ನು ನೋಡುತ್ತ ಕಳೆದಳು. ಮಣ್ಣು ಕೊಡುವಾಗ ಹೆಂಗಸರು ಹೋಗುವಂತಿರಲಿಲ್ಲ. ಅವಳ ಪಾಲಿಗೆ ಬಂದದ್ದು ಅಷ್ಟೇ, ದೂರದ ನೋಟ.

ಆಮೇಲೆ ಶಾಹಿದ ಹುಟ್ಟಿದ, ರಂಜಾನಬಿ ಹುಟ್ಟಿದಳು, ಅವರಿಗೆ ಮಕ್ಕಳಾದವು. ಆದರೂ ಪ್ರತಿ ಷಬೇಬರಾತಿನ ದಿನ, ಊರಿನವರು ಹಿರಿಯರ ಗೋರಿಗಳಿಗೆ ಹೂ ಹಾಕಲು ಹೊರಡುವ ಮೊದಲು, ಗಂಡ ಹೆಂಡತಿ ಇಬ್ಬರೂ ಗೋರಿಗೆ ಹಾಕುವ ಸಬ್ಜಾದ ಸೊಪ್ಪು ತೆಗೆದುಕೊಂಡು ಗುಡ್ಡ ಹತ್ತಿ ಬರುತ್ತಿದ್ದರು. ಕಲ್ಲು ಹತ್ತಿರವಾದಂತೆ ಅಮೀನಬಿ ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ತಲೆ ನೋಡುತ್ತಿದ್ದಳು. ಬಿಸಿಲೆಷ್ಟು ಏರಿತು ಎಂದು ನೋಡುತ್ತಾಳೆ ಅಂದುಕೊಳ್ಳುತ್ತಿದ್ದ ಅವನು. ಅವನ ಕಣ್ಣು ಯಾವಾಗಲೂ ನೆಲದ ಮೇಲೆ. ರಸ್ತೆಯವನ ಕಣ್ಣು ಬೇರೆಲ್ಲಿ ಹೋದೀತು.

ಐದಾರು ವರ್ಷದಿಂದ ಅಮೀನಬಿಯ ಮೊಣಕಾಲು ಕೈಕೊಟ್ಟಿದ್ದವು, ಗಂಡನ ತೋಳು ಹಿಡಿದೇ ಗುಡ್ಡ ಹತ್ತುತ್ತಿದ್ದಳು. ಹೋದ ಮಳೆಗಾಲದಲ್ಲಿ ಎದೆ ನೋವೂ ಬಂತು. ಬಾಗಲಕೋಟೆಯ ದವಾಖಾನೆಯವರು ಮಾತ್ರೆ ಬರೆದುಕೊಟ್ಟು, ಶಾಹಿದನನ್ನು ಹೊರಗೆ ಕರೆದು ಸಣ್ಣ ದನಿಯಲ್ಲಿ ಮಾತಾಡಿದರು. ಆ ದಿನ ಆಟೋದಲ್ಲಿ ಮನೆಗೆ ಬರುವಾಗ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು.

“ಈ ಸಲದ ಬರಾತಿಗೆ ನನ್ನ ಅಕಿ ಹಂತೇಕ ಕರಕೊಂಡ ಹೋಗ್ರಿ. ಮುಂದಿನ ಸಲ ನೀವ ಒಬ್ಬರ ಹೋಗಬೇಕಾಗತದ.”

ರಾಜಮಹ್ಮದ ಹೂಂ ಎಂದ. ಆವತ್ತಿನಿಂದ ಅವನಿಗೆ ಬೇರೆ ಯಾವ ಕೆಲಸವೂ ಕೆಲಸ ಅನ್ನಿಸಲಿಲ್ಲ.

ಅದೇ ಚಳಿಗಾಲದಲ್ಲಿ ಗುಡ್ಡದ ಹಾದಿಗೆ ಹೊಸ ಜೀವ ಬಂತು. ಗುರಲಿಂಗಪ್ಪನ ಮೊಮ್ಮಗ ಚೇತನಕುಮಾರ ಬಾದಾಮಿಯಲ್ಲಿ ಗುಡಿ ನೋಡಲು ಬರುವವರಿಗೆ ಸೈಕಲ್ ಬಾಡಿಗೆ ಕೊಡುತ್ತಿದ್ದ. ಅವನ ಹತ್ತಿರ ಫ್ರಾನ್ಸ್ ದೇಶದ ಗಂಡ ಹೆಂಡತಿ ಬಂದಿದ್ದರಂತೆ, ದಪ್ಪ ಗಾಲಿಯ ತಮ್ಮದೇ ಸೈಕಲ್ ತಂದಿದ್ದರಂತೆ. ನುಣ್ಣಗಿನ ರಸ್ತೆ ಬೇಡ, ಮೋಟಾರು ಬಾರದ ಕಲ್ಲು ಮಣ್ಣಿನ ಹಾದಿ ತೋರಿಸು ಎಂದರಂತೆ. ಚೇತನಕುಮಾರನಿಗೆ ಅಜ್ಜನ ರಸ್ತೆ ನೆನಪಾಯಿತು. ಅವರು ಅದರ ಮೇಲೆ ಹೋಗಿ ಬಂದು, ಇಂಥದ್ದನ್ನು ಕೆಡಿಸಬೇಡ ಎಂದು ಹೇಳಿ ಹೋದರು. ಅವನು ಪಂಚಾಯಿತಿಯವರನ್ನು ಒಪ್ಪಿಸಿದ, ಗೆಳೆಯರನ್ನು ಕೂಡಿಸಿದ, ನೇರ ರಾಜಮಹ್ಮದನ ಮನೆಗೆ ಬಂದ.

ರಾಜಮಹ್ಮದ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹಸಿರು ಬಟ್ಟೆ ಕಟ್ಟಿಕೊಂಡು ಹೊರಸಿನ ಮೇಲಿದ್ದ. ಧೂಳಿಗೆ ಹೋಗಬಾರದು, ತಲೆ ಬಗ್ಗಿಸಬಾರದು ಎಂದು ಹೇಳಿದ್ದರು. ಸೊಸೆ ನಿಖತ ಚಹಾ ಕೊಟ್ಟಳು.

“ಕಾಕಾ, ಅವರ ದೇಶದಾಗ ಗುಡ್ಡದ ಹಳೇ ಹಾದಿಗೆ ಬೇಕಂತನ ಡಾಂಬರ ಹಾಕಂಗಿಲ್ಲಂತ,” ಎಂದ ಚೇತನಕುಮಾರ. “ಗರಸ ಹಾಕಿ ಹಂಗ ಇಟ್ಟಿರತಾರಂತ. ಮೋಟಾರ ಬಿಡಂಗಿಲ್ಲ. ಸೈಕಲ್ಲಿನ ಮಂದಿ ಅದನ್ನ ಹುಡುಕ್ಕೊಂಡ ಬರತಾರಂತ.”

“ಡಾಂಬರ ಹಾಕ್ರಿ ಅಂತ ನಾನೂ ನಿಮ್ಮಜ್ಜಾನೂ ಸಾಹೇಬರ ಮುಂದ ಎಷ್ಟ ಹಲ್ಲ ಕಿಸದೇವಿ. ಹಾಕಲಿಲ್ಲ. ಈಗ ನೀ ಬಂದು ಹಾಕದ ಇದ್ದದ್ದ ಚೊಲೋ ಆತು ಅಂತಿ.”

ಇಬ್ಬರೂ ನಕ್ಕರು. ರಾಜಮಹ್ಮದನಿಗೆ ಒಳಗೊಳಗೆ ಹಬ್ಬ. ತಾನು ಹಾಕಿದ ರಸ್ತೆಯನ್ನು ಒಬ್ಬರು ಮನೆಗೆ ಬಂದು ಕೇಳುವ ಕಾಲ ಬಂತಲ್ಲ. ಗರಸು ಎಲ್ಲಿಯದು ಚೆನ್ನ, ನೀರು ಯಾವ ಹೊತ್ತಿಗೆ ಹೊಡೆಯಬೇಕು, ಮಗ್ಗುಲು ಎಷ್ಟು ಇಳಿಜಾರು ಕೊಡಬೇಕು, ಎಲ್ಲ ಹೇಳಿದ. ಸೈಕಲ್ ಎದುರುಬದುರಾದರೆ ದಾಟಲು ಆಗಲಿ ಎಂದು ಅಲ್ಲಲ್ಲಿ ಅಗಲ ಮಾಡಲು ಹೇಳಿದ. ಎರಡೂ ತುದಿಗೆ ಕಲ್ಲಿನ ಕಂಬ ಹುಗಿಯಿರಿ, ಸೈಕಲ್ ಒಂದೇ ತೂರಬೇಕು, ಒಂದು ಮೋಟಾರು ಒಳಗೆ ಬಂದರೆ ರಸ್ತೆ ಸತ್ತಂತೆ ಎಂದ. ಕೊನೆಗೆ ಚೇತನಕುಮಾರ, ಫರ್ಲಾಂಗ ಕಲ್ಲುಗಳು ಸೊಟ್ಟಗಾಗಿವೆ, ಒಂದು ಇಲ್ಲವೇ ಇಲ್ಲ, ಒಂದೆರಡು ಜಾಗ ತಪ್ಪಿಯೂ ನಿಂತಿವೆ, ಏನು ಮಾಡುವುದು ಎಂದು ಕೇಳಿದ.

“ಎರಡ ಕಲ್ಲಿನ ನಡುವ ಎರಡನೂರ ಮೀಟರ ಇರಬೇಕು. ತಪ್ಪಿ ನಿಂತದ್ದನ್ನ ಕಿತ್ತು ಲೆಕ್ಕಕ್ಕ ಹಚ್ಚು. ನಿಮ್ಮಜ್ಜ ಇದ್ದಿದ್ದರ, ಸೊಟ್ಟ ಕಲ್ಲ ನೋಡಿ ಉಣತಿರಲಿಲ್ಲ.”

ಹೇಳುವಾಗ ಅವನಿಗೆ ಆ ಒಂದು ಕಲ್ಲು ನೆನಪಾಗಲಿಲ್ಲ. ಮರೆತನೆಂದಲ್ಲ. ಐವತ್ತು ವರ್ಷದಿಂದ ಅವನ ಮನಸ್ಸಿನಲ್ಲಿ ಅದು ಕಲ್ಲಾಗಿಯೇ ಇರಲಿಲ್ಲ. ರಸ್ತೆಯ ಕಲ್ಲುಗಳನ್ನು ಎಣಿಸುವಾಗ ಅವನು ಅದನ್ನು ಎಂದೂ ಎಣಿಸಿದವನಲ್ಲ. ಮನೆಯ ಕಂಬ ಎಣಿಸುವಾಗ ಯಾರಾದರೂ ಹೆಂಡತಿ ಮಕ್ಕಳನ್ನು ಸೇರಿಸಿ ಎಣಿಸುತ್ತಾರೆಯೇ.

ಕಣ್ಣಿನ ಬಟ್ಟೆ ಬಿಚ್ಚಿ, ಔಷಧ ಮುಗಿದು, ಅವನು ಹೊರಗೆ ಕಾಲಿಡುವ ಹೊತ್ತಿಗೆ ಹಾದಿಯ ಕೆಲಸ ಮುಗಿದಿತ್ತು. ಬಾಗಲಕೋಟೆ, ಹುನಗುಂದ, ಇಲಕಲ್ಲಿನಿಂದೆಲ್ಲ ಹುಡುಗರು ಹುಡುಗಿಯರು ರವಿವಾರ ಸೈಕಲ್ ತಂದು ಗುಡ್ಡ ಹತ್ತತೊಡಗಿದ್ದರು. ಷಬೇಬರಾತಿನ ಮುನ್ನಾದಿನ, ಹೆಂಡತಿಯನ್ನು ಕೂರಿಸಿಕೊಂಡು ಹೋಗುವ ಮೊದಲು ಏರು ಎಷ್ಟಿದೆ ನೋಡೋಣ ಎಂದು ರಾಜಮಹ್ಮದ ಒಬ್ಬನೇ ಸೈಕಲ್ ತೆಗೆದುಕೊಂಡು ಹೋದ.

ಹಾದಿ ನೋಡಿ ಅವನ ಹೊಟ್ಟೆ ತುಂಬಿತು. ಹೊಸ ಗರಸು ಕುಂಕುಮದಂತೆ ಹರಡಿತ್ತು. ಹೊಸ ಕಣ್ಣಿಗೆ ಗುಡ್ಡದ ಒಂದೊಂದು ಹುಲ್ಲೂ ಬೇರೆ ಬೇರೆಯಾಗಿ ಕಂಡಿತು. ಫರ್ಲಾಂಗ ಕಲ್ಲುಗಳು ಸುಣ್ಣ ಬಳಿದುಕೊಂಡು ಸಾಲೆಯ ಮಕ್ಕಳಂತೆ ಸಾಲಾಗಿ ನಿಂತಿದ್ದವು. ಒಂದು ದಾಟಿದ, ಇನ್ನೊಂದು ದಾಟಿದ. ಮತ್ತೊಂದನ್ನು ದಾಟುವಾಗ ಅದರ ಮುರಿದ ಮೂಲೆ ಕಣ್ಣಿಗೆ ಬಿತ್ತು. ಸುಣ್ಣದ ಮೇಲೆ ನೀಲಿ ಬಣ್ಣದಲ್ಲಿ ಸೈಕಲ್ಲಿನ ಚಿತ್ರ ಬರೆದಿದ್ದರು.

ಅವನು ಇಳಿದು ನಿಂತ. ಇದು ಇಲ್ಲಿರುವ ಕಲ್ಲಲ್ಲ. ತಿರುವಿನ ಆಚೆ ಇರಬೇಕಾದದ್ದು ಈಚೆ ಬಂದಿದೆ. ಸೈಕಲ್ ಅಲ್ಲೇ ಬಿಟ್ಟು ತಿರುವಿನ ತನಕ ನಡೆದ. ಅಲ್ಲಿ ಹಾದಿಯನ್ನು ಅಗಲ ಮಾಡಿದ್ದರು, ಅವನು ಹೇಳಿದ ಹಾಗೆಯೇ, ಸೈಕಲ್ ದಾಟಲು. ಮಗ್ಗುಲು ಕಡಿದು, ಗರಸು ತುಂಬಿ, ಗಟ್ಟಿ ರೋಲರು ಹೊಡೆದಿದ್ದರು. ಕಲ್ಲು ಕಿತ್ತ ಕುಣಿಯ ಗುರುತೂ ಇರಲಿಲ್ಲ. ಈ ಕಡೆಯಿಂದ ನಡೆದು ನೋಡಿದ, ಆ ಕಡೆಯಿಂದ ನಡೆದು ನೋಡಿದ. ಇಲ್ಲಿ ಅನ್ನಿಸಿತು, ಅಲ್ಲ ಅಲ್ಲಿ ಅನ್ನಿಸಿತು. ಮೊಣಕಾಲೂರಿ ಅಂಗೈಯಿಂದ ಗರಸು ಸವರಿದ. ನೆಲ ನೆಲದಂತೆಯೇ ಇತ್ತು. ಕೆಲಸ ಎಷ್ಟು ಚೊಕ್ಕವಾಗಿತ್ತೆಂದರೆ ಅವನ ಗ್ಯಾಂಗಿನವರೂ ಹಾಗೆ ಮಾಡುತ್ತಿರಲಿಲ್ಲ.

ಹೊತ್ತು ಇಳಿಯುವ ತನಕ ಅಲ್ಲೇ ಕೂತ. ಚೇತನಕುಮಾರನಿಗೆ ಹೇಳೋಣವೇ ಎಂದು ಯೋಚಿಸಿದ. ಹೇಳಿದರೆ ಆ ಹುಡುಗ ಜನ್ಮಪೂರ್ತಿ ಕೊರಗುತ್ತಾನೆ. ಅಲ್ಲದೆ ಕಲ್ಲು ಕಿತ್ತು ಹಚ್ಚು ಎಂದವನು ತಾನೇ. ಅಮೀನಬಿಗೆ ಹೇಳಲೇಬೇಕು ಎಂದು ಗಟ್ಟಿ ಮಾಡಿಕೊಂಡು ಮನೆಗೆ ಬಂದ. ಬಂದರೆ ಅವಳು ಇಲಕಲ್ ಸೀರೆಯೊಂದನ್ನು ಪೆಟ್ಟಿಗೆಯಿಂದ ತೆಗೆಸಿ ದಿಂಬಿನ ಹತ್ತಿರ ಇಟ್ಟುಕೊಂಡಿದ್ದಳು. ಸಬ್ಜಾದ ಸೊಪ್ಪನ್ನು ನಿಖತ ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಡದ ಪಕ್ಕ ಇಟ್ಟಿದ್ದಳು. ಹಾದಿ ಹೇಗಿದೆ ಎಂದು ಅಮೀನಬಿ ಕೇಳಿದಳು. ಚೆನ್ನಾಗಿದೆ ಎಂದ. ಕಲ್ಲು ಇದೆಯೇ ಎಂದಳು. ಇದೆ ಎಂದ. ಎರಡೂ ಖರೆಯೇ.

ಮರುದಿನ ಬೆಳಿಗ್ಗೆ ಶಾಹಿದ ಆಟೋದ ಮೇಲೆ ಅಪ್ಪನ ಸೈಕಲ್ ಕಟ್ಟಿ, ಇಬ್ಬರನ್ನೂ ಗುಡ್ಡದ ಬುಡದ ತನಕ ತಂದ. ಮುಂದೆ ಕಂಬಗಳು ಅಡ್ಡ. ಅವ್ವನನ್ನು ಎತ್ತಿಕೊಂಡೇ ಬರುತ್ತೇನೆ ಎಂದು ಶಾಹಿದ ಹಟ ಹಿಡಿದ. ಇದು ನಮ್ಮಿಬ್ಬರ ಕೆಲಸ, ನೀನು ಇಲ್ಲೇ ಇರು ಎಂದಳು ಅಮೀನಬಿ. ಮಗ ಕ್ಯಾರಿಯರಿನ ಮೇಲೆ ಗೋಣಿ ಮಡಚಿ ಹಾಕಿ, ಅವ್ವನನ್ನು ಕೂರಿಸಿ, ನೀರಿನ ಬಾಟಲಿ ಕೈಗೆ ಕೊಟ್ಟ.

ರಾಜಮಹ್ಮದ ಹತ್ತಿ ತುಳಿಯಲಿಲ್ಲ, ಹ್ಯಾಂಡಲ್ ಹಿಡಿದು ನೂಕಿಕೊಂಡು ನಡೆದ. ಅವಳು ಒಂದು ಕೈಯಲ್ಲಿ ಸೀಟು ಹಿಡಿದು, ಇನ್ನೊಂದರಲ್ಲಿ ಸೊಪ್ಪು ಹಿಡಿದು ಕೂತಿದ್ದಳು.

“ಲಗ್ನದ ಹೊಸದಾಗಿ ಕುಂಡ್ರಿಸಿಕೊಂಡ ಹೋಗ್ರಿ ಅಂದರ ನಾಚತಿದ್ರಿ,” ಎಂದಳು. “ಈಗ ಹಲ್ಲೆಲ್ಲಾ ಬಿದ್ದ ಮ್ಯಾಲ ಮೆರವಣಿಗಿ.”

“ಆವಾಗ ಸೈಕಲ್ ಎಲ್ಲಿತ್ತು? ಮಾವ ಕೊಡತೇನಂತ ಹೇಳಿ ಕೈ ಎತ್ತಿದ.”

“ನಮ್ಮಪ್ಪಗ ಅನಬ್ಯಾಡ್ರಿ. ನೂಕ್ರಿ ಸುಮ್ಮ.”

ಏರಿನಲ್ಲಿ ಅವನಿಗೆ ದಮ್ಮು ಹತ್ತಿತು. ಆಗಾಗ ನಿಂತ, ಮತ್ತೆ ನೂಕಿದ. ಲಾರಿ ಇಲ್ಲ, ಹಾರ್ನಿಲ್ಲ. ಗಾಲಿಯ ಕೆಳಗೆ ಗರಸು ಕರಕರ ಅನ್ನುವ ಸದ್ದು ಒಂದೇ. ಅಮೀನಬಿ ಆ ಸದ್ದನ್ನೇ ಕೇಳುತ್ತ, ಇದರೊಳಗೆ ನನ್ನ ಬುಟ್ಟಿಯವೂ ಇದ್ದಾವು ಎಂದಳು.

ಮೂಲೆ ಮುರಿದ ಕಲ್ಲಿನ ಹತ್ತಿರ ಸೈಕಲ್ ನಿಲ್ಲಿಸಿ, ತೋಳು ಹಿಡಿದು ಇಳಿಸಿದ. ಅಮೀನಬಿ ಹಣೆಗೆ ಕೈ ಅಡ್ಡ ಹಿಡಿದು ಗುಡ್ಡದ ತಲೆ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಲ್ಲನ್ನು ನೋಡಿದಳು, ಮುರಿದ ಮೂಲೆಯ ಮೇಲೆ ಬೆರಳಾಡಿಸಿದಳು, ನೀಲಿ ಸೈಕಲ್ಲಿನ ಚಿತ್ರ ನೋಡಿದಳು. ಗಂಡನ ಮುಖವನ್ನೂ ಒಮ್ಮೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಸೆರಗು ತಲೆಯ ಮೇಲೆ ಎಳೆದುಕೊಂಡು ಕಲ್ಲಿನ ಪಕ್ಕ ಕೂತು ಎರಡೂ ಕೈ ಎತ್ತಿ ಫಾತಿಹಾ ಓದಿದಳು. ಸೊಪ್ಪಿನಲ್ಲಿ ಅರ್ಧ ಮುರಿದು ಕಲ್ಲಿನ ಬುಡಕ್ಕೆ ಇಟ್ಟಳು. ಉಳಿದರ್ಧ ಬಟ್ಟೆಯಲ್ಲೇ ಉಳಿಯಿತು. ಮುಗಿಯಿತಲ್ಲ ಎಂದು ಅವನ ಎದೆ ಹಗುರಾಗಿತ್ತು, ಹಗುರಾದದ್ದಕ್ಕೆ ನಾಚಿಕೆಯೂ ಆಗಿತ್ತು.

ಮತ್ತೆ ಕೂರಿಸಿ ಸೈಕಲ್ಲನ್ನು ಹಿಂದಕ್ಕೆ ಹೊರಳಿಸಲು ಹೋದ. ಅಮೀನಬಿ ಬೇಡ ಎಂದಳು. ತಿರುವಿನ ತನಕ ಹೋಗೋಣ, ಗಾಳಿ ಚೆನ್ನಾಗಿದೆ ಎಂದಳು. ಅವನು ನೂಕಿದ. ತಿರುವು ದಾಟಿ ಹಾದಿ ಅಗಲವಾದ ಕಡೆ, ನಾಲ್ಕು ಹೆಜ್ಜೆ ಹೋಗುವುದರಲ್ಲಿ, ನೀರಡಿಕೆ, ಇಳಿಸಿರಿ ಎಂದಳು.

ಇಳಿದವಳು ಬದಿಗೆ ಹೋಗಲಿಲ್ಲ. ಗಾಲಿಗಳ ಗೆರೆ ಮೂಡಿದ ಗರಸಿನ ಮೇಲೆಯೇ, ಗುಡ್ಡಕ್ಕೆ ಮುಖ ಮಾಡಿ, ಮೆಲ್ಲಗೆ ಕೂತಳು. ರಾಜಮಹ್ಮದ ಅವಳು ನೋಡಿದ ಕಡೆ ನೋಡಿದ. ಗುಡ್ಡದ ತಲೆಯ ಮೇಲೆ ಎರಡು ಹೆಬ್ಬಂಡೆ ಒಂದಕ್ಕೊಂದು ವಾಲಿ, ದುವಾ ಬೇಡುವವರ ಎರಡು ಅಂಗೈಯಂತೆ ನಿಂತಿದ್ದವು. ನಡುವೆ ಒಂದು ಹಿಡಿ ಆಕಾಶ. ಇವಳು ಕೂತ ಜಾಗದ ನೇರಕ್ಕೆ ಮಾತ್ರ ಆ ಸಂದು ತೆರೆದಿತ್ತು. ಒಂದು ಹೆಜ್ಜೆ ಅತ್ತಿತ್ತ ಸರಿದು ನೋಡಿದ, ಬಂಡೆಗಳು ಕೂಡಿಕೊಂಡು ಆಕಾಶ ಮುಚ್ಚಿತು.

ನಲವತ್ತು ದಿನ ಜೋಪಡಿಯ ಬಾಗಿಲಲ್ಲಿ ಮಲಗಿದವಳು ಕಲ್ಲನ್ನಷ್ಟೇ ನೋಡಿರಲಿಲ್ಲ. ಕಲ್ಲಿನ ನೇರಕ್ಕೆ ಗುಡ್ಡದ ತಲೆಯಲ್ಲಿ ಏನಿತ್ತೋ ಅದನ್ನೂ ನೋಡಿಕೊಂಡಿದ್ದಳು. ವರ್ಷ ವರ್ಷ ಹಣೆಗೆ ಕೈ ಹಿಡಿದು ಹುಡುಕಿದ್ದು ಬಿಸಿಲನ್ನಲ್ಲ.

ಅವಳು ಉಳಿದ ಸೊಪ್ಪನ್ನು ಗರಸಿನ ಮೇಲೆ ಹರಡಿದಳು. ಅಷ್ಟರಲ್ಲಿ ಮೇಲಿನಿಂದ ಗಂಟೆಯ ಸದ್ದು ಕೇಳಿತು. ಟೋಪಿ ಹಾಕಿಕೊಂಡ ಒಬ್ಬ ಹುಡುಗ, ಒಬ್ಬ ಹುಡುಗಿ ಇಳಿಜಾರಿನಲ್ಲಿ ಸೈಕಲ್ ಬಿಟ್ಟುಕೊಂಡು ಬರುತ್ತಿದ್ದರು. ರಾಜಮಹ್ಮದ ಜೀವಮಾನದಲ್ಲಿ ರಸ್ತೆಗೆ ಅಡ್ಡ ಒಂದು ಹರಳು ಬಿದ್ದರೂ ಎತ್ತಿ ಬದಿಗೆ ಹಾಕಿದವನು. ಈಗ ತನ್ನ ಸೈಕಲ್ಲನ್ನು ನಡು ಹಾದಿಯಲ್ಲಿ ಅಡ್ಡ ಕೆಡವಿ, ಅದರ ಮುಂದೆ ನಿಂತ.

ಅವರಿಬ್ಬರೂ ಬ್ರೇಕ್ ಒತ್ತಿ ಇಳಿದರು. ಕೂತ ಮುದುಕಿಯನ್ನೂ ಹಸಿರು ಸೊಪ್ಪನ್ನೂ ನೋಡಿದರು. ಸೈಕಲ್ಲುಗಳನ್ನು ಹೆಗಲಿಗೆ ಎತ್ತಿಕೊಂಡು ಹಾದಿ ಬಿಟ್ಟು ಕುರುಚಲಿನಲ್ಲಿ ಸುತ್ತಿ ದಾಟಿಹೋದರು.

ಸದ್ದಡಗಿದ ಮೇಲೆ ಅವನು ಹೆಂಡತಿಯ ಹತ್ತಿರ ಕುಕ್ಕರಿಸಿದ.

“ಅಲ್ಲೇ ಯಾಕ ಹೇಳಲಿಲ್ಲ?”

“ಅಷ್ಟ ದೂರ ದಮ್ಮ ಕಟ್ಟಿ ನೂಕ್ಕೊಂಡ ಬಂದು ತೋರಿಸಿದ್ರಿ. ಅಲ್ಲಂತ ಹೆಂಗ ಅನ್ನಲಿ.”

ಅವನು ಗರಸಿನ ಮೇಲೆ ಅಂಗೈ ಊರಿ, ಕಲ್ಲನ್ನು ಕಿತ್ತು ತಂದು ಮತ್ತೆ ಇಲ್ಲೇ ನಿಲ್ಲಿಸುತ್ತೇನೆ, ಚೇತನನಿಗೆ ನಾನೇ ಹೇಳುತ್ತೇನೆ ಎಂದ.

“ಬ್ಯಾಡ್ರಿ,” ಎಂದಳು ಅಮೀನಬಿ. “ಈಗ ಇದು ಹಾದಿ ಆಗೇದ. ಹಾದ್ಯಾಗ ಕಲ್ಲ ನಿಲ್ಲಿಸಿದರ ಇಳಿಜಾರಿನ್ಯಾಗ ಯಾರದರೆ ಕೂಸು ಬೀಳತದ.”

ಬಾಟಲಿಯ ಮುಚ್ಚಳ ತಿರುವಿ, ತಾನು ಒಂದು ಗುಟುಕೂ ಕುಡಿಯದೆ, ನೀರನ್ನೆಲ್ಲ ಸೊಪ್ಪಿನ ಮೇಲೆ ಸುರಿದಳು. ಗರಸು ಕುಡಿಯಿತು. ಒದ್ದೆಯಾದಷ್ಟು ಜಾಗ ಬೇರೆ ಬಣ್ಣಕ್ಕೆ ತಿರುಗಿತು. ಒಂದು ಕೂಸು ಮಲಗುವಷ್ಟು ಜಾಗ. ಇಬ್ಬರೂ ಅದು ಆರುವ ತನಕ ಕೂತರು.

ಆ ರಮಜಾನ್ ಅರ್ಧ ಕಳೆಯುವ ಮೊದಲೇ ಅಮೀನಬಿ ಹೋದಳು. ಶಿರೂರಿನ ಖಬರಸ್ತಾನದಲ್ಲಿ ಮಣ್ಣಾದಳು. ತಲೆಯ ಕಡೆ ಒಳ್ಳೆಯ ಕಲ್ಲು ನಿಲ್ಲಿಸಿದರು, ರಂಜಾನಬಿಯ ಮಗಳು ಅದರ ಮೇಲೆ ಹೆಸರು ಬರೆಸಿದಳು.

ಈಗ ಶುಕ್ರವಾರದ ನಮಾಜು ಮುಗಿಸಿ ರಾಜಮಹ್ಮದ ಮೊದಲು ಅಲ್ಲಿಗೆ ಹೋಗುತ್ತಾನೆ. ಆಮೇಲೆ ಸೈಕಲ್ಲಿನ ಹಿಂದೆ ನೀರಿನ ಕ್ಯಾನ್ ಕಟ್ಟಿಕೊಂಡು ಗುಡ್ಡದ ಹಾದಿ ಹಿಡಿಯುತ್ತಾನೆ. ನೆಲ ನೋಡುವುದನ್ನು ಬಿಟ್ಟು ಮೇಲೆ ನೋಡುತ್ತ ನಡೆಯುತ್ತಾನೆ. ಎರಡು ಬಂಡೆಗಳ ನಡುವೆ ಆಕಾಶ ತೆರೆದ ಕಡೆ ನಿಂತು ನೀರು ಸುರಿಯುತ್ತಾನೆ. ಹಾದುಹೋಗುವ ಸೈಕಲ್ಲಿನವರು, ಧೂಳು ಏಳದಿರಲೆಂದು ಪಾಪ ಮುದುಕ ನೀರು ಹೊಡೆಯುತ್ತಾನೆ ಅಂದುಕೊಳ್ಳುತ್ತಾರೆ.

ಚೇತನಕುಮಾರನಿಗೂ ಹಾಗೇ ಅನ್ನಿಸಿತು. ಒಂದು ದಿನ ಎದುರಾದಾಗ ಸೈಕಲ್ ನಿಲ್ಲಿಸಿ, ಈ ಬಿಸಿಲಿನಲ್ಲಿ ನೀವೇಕೆ ಬರುತ್ತೀರಿ ಕಾಕಾ, ನೀರು ಹೊಡೆಯಲು ಆಳು ಹಚ್ಚುತ್ತೇನೆ ಎಂದ.

ರಾಜಮಹ್ಮದ ಖಾಲಿ ಕ್ಯಾನ್ ಕಟ್ಟುತ್ತ ಅವನ ಹೆಗಲು ಮುಟ್ಟಿದ. ಮುಖದಲ್ಲಿ ಗುರಲಿಂಗಪ್ಪನ ಮೂಗು, ಗುರಲಿಂಗಪ್ಪನ ಹಣೆ.

“ಉಳದದ್ದಕ್ಕ ಆಳ ಹಚ್ಚು, ತಮ್ಮಾ. ಇಷ್ಟ ಜಾಗಾಕ್ಕ ನಾನ ಹೊಡೀತೇನಿ.”